ಒಂಬತ್ತು ದಿನದ ಮೂಗು

ತ್ಬಿಲಿಸಿಯ ಹಳೇಪೇಟೆ, ಗಂಧಕದ ಸ್ನಾನಗೃಹಗಳ ಬೆನ್ನಿಗೆ,
ಮೂರು ಮೆಟ್ಟಿಲು ಕೆಳಗೆ ನನ್ನ ಅಂಗಡಿ.
ಗಡಿಯಾರ ರಿಪೇರಿ. ಹಲಗೆಯ ಮೇಲೆ ಇನ್ನೂ ಅಪ್ಪನ ಹೆಸರು.
ಬಂದವರೆಲ್ಲ ಮೂಗು ಮುಚ್ಚಿಕೊಂಡೇ ಇಳಿಯುತ್ತಾರೆ,
ಕೊಳೆತ ಮೊಟ್ಟೆಯ ನಾತವಂತೆ.
ಅಂತೆ ಅಂದೆ. ಆರು ವರ್ಷದಿಂದ
ನನ್ನದು ತಾನಾಗಿಯೇ ಮುಚ್ಚಿದೆ.

ಬೆಳಿಗ್ಗೆ ಮೊದಲು ಕುದಿಸಿ ಆರಿಸಿದ ಉಪ್ಪುನೀರು.
ತಲೆ ವಾರೆ ಮಾಡಿ ಹೊಯ್ದರೆ ಎಡಹೊಳ್ಳೆ ದಾರಿ ಬಿಡುತ್ತದೆ;
ಬಲಹೊಳ್ಳೆ ಸುಂಕದವನು,
ಅವನ ಮುಂದೆ ಸುಖದುಃಖ ಹೇಳಿ ಫಲವಿಲ್ಲ.
ಆಮೇಲೆ ಸ್ಪ್ರೇ. ‘ನಡುಗೋಡೆಗಲ್ಲ ಎಥೆರಿ, ಕಿವಿಯ ಕಡೆಗೆ ತಿರುಗಿಸು’
ಎನ್ನುತ್ತಾಳೆ ಡಾಕ್ಟರ್ ತ್ಸಿಯಾಲಾ.
ಮರೆತ ದಿನ ಕರವಸ್ತ್ರದಲ್ಲಿ ಕೆಂಪು ಚುಕ್ಕೆ.
ಆಮೇಲೆ ಕಂದು ಇನ್ಹೇಲರ್, ಎರಡು ಸಲ,
ಬಾಯಿ ಮುಕ್ಕಳಿಸಬೇಕು.
ಮುಕ್ಕಳಿಸದ ವಾರ ನಾಲಿಗೆಗೆ ಬಿಳಿ ಬೂಷ್ಟು,
ಗಂಟಲಿಗೆ ಗಂಡುದನಿ.
ಫೋನೆತ್ತಿದರೆ ಹಳೇ ಗಿರಾಕಿಗಳು
ಅಪ್ಪನೆಂದೇ ತಿಳಿದು ಮಾತಾಡುತ್ತಾರೆ.
ನಾನೂ ತಿದ್ದುವುದಿಲ್ಲ.

ನೀಲಿಯದು ಎದೆ ಸಿಳ್ಳೆ ಹಾಕಿದಾಗ ಮಾತ್ರ.
ಉಸಿರು ಕೊಡುತ್ತದೆ, ಕೈ ಕಸಿದುಕೊಳ್ಳುತ್ತದೆ:
ಚಿಮುಟದ ತುದಿಯಲ್ಲಿ ಸಾಸಿವೆಗಿಂತ ಸಣ್ಣ ತಿರುಪು,
ಅದರ ಹಿಂದೆ ಗುಬ್ಬಿಮರಿಯಂತೆ ನಡುಗುವ ಬೆರಳು.
ಕೆಳಗಿಡುತ್ತೇನೆ. ಕೈ ಕಂಕುಳಲ್ಲಿಟ್ಟು ಕೂರುತ್ತೇನೆ.
ನಲವತ್ತು ಗಡಿಯಾರ ಎದುರಿರುವವಳಿಗೆ
ಅರ್ಧ ಗಂಟೆ ಎಷ್ಟುದ್ದವೆಂದು ಯಾರೂ ಹೇಳಬೇಕಿಲ್ಲ.

ಜನವರಿಯಲ್ಲಿ ಹುಬ್ಬಿನ ಹಿಂದೆ ಯಾರೋ ಸೀಸ ಹೊಯ್ದರು.
ಬಗ್ಗಿದರೆ ಕಣ್ಣು ಮೇಜಿಗೆ ಉದುರುವ ಭಯ.
ಉಸಿರು ಎರಡನೇ ಮೆಟ್ಟಿಲಿಗೇ ಮುಗಿಯುತ್ತಿತ್ತು.
ತ್ಸಿಯಾಲಾ ಸ್ಟೀರಾಯ್ಡ್ ಮಾತ್ರೆ ಬರೆದಳು:
‘ಬೇಗ ಕೆಲಸ ಮಾಡುತ್ತದೆ. ಬಾಡಿಗೆಯನ್ನೂ ಬೇಗ ಕೇಳುತ್ತದೆ.’

ಮೊದಲ ರಾತ್ರಿ ನಿದ್ದೆಯಿಲ್ಲ.
ಎರಡು ಗಂಟೆಗೆ ಎದ್ದು ಒಂದು ಮಡಕೆ ಬೇಯಿಸಿದ ಕಾಳು
ನಿಂತೇ ತಿಂದೆ. ಮೂರಕ್ಕೆ ಚಮಚಗಳನ್ನೆಲ್ಲ ಬೆಳಗಿದೆ.
ನಾಲ್ಕಕ್ಕೆ, ಹತ್ತು ವರ್ಷದ ಹಿಂದೆ ಸತ್ತ ಅತ್ತೆಯ ಜೊತೆ ಜಗಳ;
ಗೆದ್ದೆ.
ಮೂರನೆಯ ದಿನ ಬಾಗಿಲು ತೆಗೆದೆ,

ಕೊಳೆತ ಮೊಟ್ಟೆ!

ಬೀದಿಯಲ್ಲೇ ನಿಂತು ಅತ್ತೆ. ಮೂಗು ಹಿಡಿದ ಪ್ರವಾಸಿಗರು
ನನ್ನನ್ನು ಬಳಸಿ ನಡೆದರು.
ಅವ್ತಾಂದಿಲನ ಒಲೆಗೋಡೆಯಿಂದ ಬಿಡಿಸಿದ ರೊಟ್ಟಿ,
ಅವನ ಅಂಗಿಯ ಈರುಳ್ಳಿ, ಒದ್ದೆ ನಾಯಿ,
ಹಲ್ಲುಚಕ್ರ ತೊಳೆಯುವ ಸೀಮೆಎಣ್ಣೆ;
ಭಿಕ್ಷುಕಿಯ ಹಾಗೆ ಎಲ್ಲದರ ಹಿಂದೆಯೂ ಅಲೆದೆ.

ಮಾತ್ರೆ ಆರರಿಂದ ನಾಲ್ಕಕ್ಕಿಳಿದ ದಿನ
ಒಡೆಯರು ಮರಳಿ ಬಾರದ ಗಡಿಯಾರಗಳ ಡ್ರಾಯರು ತೆರೆದೆ.
ಹನ್ನೊಂದು ಚರ್ಮದ ಪಟ್ಟಿ. ಒಂದೊಂದನ್ನೇ ಮೂಗಿಗೆ ಹಿಡಿದು
ಚೀಟಿಯಲ್ಲಿ ಬರೆದೆ, ಅವಸರ ಅವಸರವಾಗಿ:
ತಂಬಾಕು. ಕುರಿ. ಅಗ್ಗದ ಸಾಬೂನು.
ಆಸ್ಪತ್ರೆ. ಮತ್ತೆ ತಂಬಾಕು.
ಏಳನೆಯದು ಅಪ್ಪನ ಹಾಗೆ, ಆದರೆ ಅಪ್ಪನದಲ್ಲ.

ಕೆನ್ನೆ ಹುಣ್ಣಿಮೆಯ ಕಡೆಗೆ ಬೆಳೆಯಿತು, ಮೂಗು ಅಮಾವಾಸ್ಯೆಗೆ.
ಮೊದಲು ಸಾಬೂನು ಹೋಯಿತು, ಆಮೇಲೆ ರೊಟ್ಟಿ,
ಕಡೆಗೆ ಹನ್ನೆರಡನೆಯ ಬೆಳಿಗ್ಗೆ ಗಂಧಕ.
ಇನ್ನಷ್ಟು ಬರೆದುಕೊಡು ಎಂದು ಗೋಗರೆದೆ.
ಮೂಗಿಗಿಂತ ಮೂಗುತಿ ಭಾರವಾದೀತು, ಎಂದಳು ತ್ಸಿಯಾಲಾ,
ಅವಳದೇ ಮಾತಿನಲ್ಲಿ: ಎಲುಬು, ಸಕ್ಕರೆ, ಕಣ್ಣು.
ಅವಳು ಹೇಳಿದ್ದು ಸರಿ. ಎರಡು ದಿನ ಅವಳನ್ನು ಬೈದೆ.

ಈಗ ಮತ್ತೆ ಉಪ್ಪುನೀರು, ಸ್ಪ್ರೇ, ಕಂದು, ಮುಕ್ಕಳಿಕೆ.
ನಿನ್ನೆ ಒಬ್ಬಾಕೆ ಕರವಸ್ತ್ರ ಒತ್ತಿಕೊಂಡು ಇಳಿದಳು:
‘ಈ ನಾತದಲ್ಲಿ ಹೇಗಮ್ಮಾ ಇರುತ್ತೀರಿ?’

ಅಭ್ಯಾಸ, ಎಂದೆ
ಅಪ್ಪನ ದನಿಯಲ್ಲಿ.